ನುಂಗಿದ್ದಾ, ಸೇರಿದ್ದಾ? ನೆಲದ ಸುದ್ದಿಗೆ ಯಾವ ಪದ ಹಾಕಬೇಕು

ನಮ್ಮ ಪತ್ರಿಕೆಯ ಡೆಸ್ಕಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಒಂದು ಸಂಜೆ ತಾನು ಬರೆದ ಸುದ್ದಿಯ ಕಾಪಿ ತಂದು ನನ್ನ ಮುಂದಿಟ್ಟಳು. "ಸರ್, ಅನೆಕ್ಸ್ ಅಂದ್ರೆ ಏನು ಹಾಕ್ಲಿ?" ಅನುವಾದದ ಯಂತ್ರ ಅವಳಿಗೆ ಕೊಟ್ಟಿದ್ದ ವಾಕ್ಯ ಹೀಗಿತ್ತು: "ರಷ್ಯಾ ಕ್ರಿಮಿಯಾವನ್ನು ಅನುಬಂಧಿಸಿತು." ಅರ್ಜಿಯ ಹಿಂದೆ ಪಿನ್ ಹೊಡೆದು ಕೊಡುವ ಕಾಗದಕ್ಕೆ ನಾವು ಅನುಬಂಧ ಅನ್ನುತ್ತೇವೆ. ಯಂತ್ರದ ಲೆಕ್ಕದಲ್ಲಿ, ಉಕ್ರೇನಿನಿಂದ ರಷ್ಯಾ ತನ್ನದು ಮಾಡಿಕೊಂಡ ಕ್ರಿಮಿಯಾ ಕೂಡ ಅಂಥದ್ದೇ ಒಂದು ಹಾಳೆ. ಇಬ್ಬರೂ ನಕ್ಕೆವು. ಆದರೆ "ಸರಿ, ಹಾಗಾದ್ರೆ ಏನು ಹಾಕ್ಲಿ?" ಅಂತ ಅವಳು ಮತ್ತೆ ಕೇಳಿದಾಗ ನಾನೂ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತೆ.

ಪದಗಳಿಗೇನು ಬರವಿಲ್ಲ. ವಿಲೀನ, ಸ್ವಾಧೀನ, ವಶ, ಆಕ್ರಮಣ, ಕಬಳಿಕೆ, ಸೇರ್ಪಡೆ, ಏಕೀಕರಣ, ವಿಮೋಚನೆ. ಒಂದು ದೇಶ ಇನ್ನೊಂದರ ನೆಲವನ್ನು ತನ್ನದು ಮಾಡಿಕೊಂಡಾಗ ಇವೆಲ್ಲವನ್ನೂ ಬಳಸಿದ್ದನ್ನು ನೋಡಿದ್ದೇನೆ. ತೊಂದರೆ ಏನೆಂದರೆ, ಒಂದೊಂದು ಪದವೂ ಒಂದೊಂದು ಕಡೆಯವರ ಪರ ಸಾಕ್ಷಿ ಹೇಳುತ್ತದೆ. ಯಾವುದನ್ನು ಎಲ್ಲಿ ಹಾಕಬೇಕು ಅಂತ ನಾನು ರೂಢಿಸಿಕೊಂಡಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅನುವಾದ ಮಾಡುವವರಿಗೆ, ಇತಿಹಾಸ ಪಾಠ ಹೇಳುವವರಿಗೆ, ಸುಮ್ನೆ ಸುದ್ದಿ ಓದಿ ವಾದ ಮಾಡುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಪಹಣಿ ತೆಗೆಯಿರಿ

ಪದದ ವಿಚಾರಕ್ಕೆ ಹೋಗುವ ಮುಂಚೆ ನಮ್ಮೂರಿನ ಹೊಲಕ್ಕೆ ಹೋಗಿ ಬರೋಣ. ನಮ್ಮ ಪಕ್ಕದ ಹೊಲದವರು ಪ್ರತಿ ವರ್ಷ ಉಳುವಾಗ ಬದುವಿಗೆ ಒಂದು ಸಾಲು ಜಾಸ್ತಿ ಹೊಡೆಯುತ್ತಿದ್ದರು. ಒಂದೇ ಸಾಲು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಏಳೆಂಟು ವರ್ಷ ಕಳೆದ ಮೇಲೆ ಅಪ್ಪ ಒಂದು ದಿನ ನೋಡುತ್ತಾರೆ, ಬಾಂದು ಕಲ್ಲು ಅವರ ರಾಗಿ ಪೈರಿನ ನಡುವೆ ಒಂಟಿಯಾಗಿ ನಿಂತಿದೆ. ಸರ್ವೆಗೆ ಹಾಕಿಸಿದರು. ಬಂದ ಸರ್ವೆಯರ್ ಅಳತೆ ಮುಗಿಸಿ ಹೇಳಿದ್ದು ಇಷ್ಟೇ: "ಯಜಮಾನ್ರೇ, ಒತ್ತುವರಿ ಆಗಿರೋದು ನಿಜ. ಆದ್ರೆ ಪಹಣೀಲಿ ನಿಮ್ಮ ಹೆಸರೇ ಇದೆಯಲ್ಲ, ಯಾಕೆ ಹೆದರ್ತೀರಿ?"

ಪಹಣಿ ನೋಡಿದವರಿಗೆ ಗೊತ್ತು. 9ನೇ ಕಾಲಂನಲ್ಲಿ ಜಮೀನು ಯಾರದ್ದು ಅನ್ನುವ ಹೆಸರು ಇರುತ್ತದೆ. 12ನೇ ಕಾಲಂನಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ ಅನ್ನುವುದು. ದೇಶಗಳ ಜಗಳವೂ ಈ ಎರಡು ಕಾಲಂಗಳದ್ದೇ. ಸೈನ್ಯ ನುಗ್ಗಿ ಕೂತರೆ ಅದು 12ನೇ ಕಾಲಂ. "ಇನ್ನು ಮೇಲೆ ಇದು ನಮ್ಮ ದೇಶದ ಭಾಗ" ಅಂತ ಕಾನೂನು ಮಾಡಿ ಬರೆದುಕೊಂಡರೆ 9ನೇ ಕಾಲಂ. ಇಂಗ್ಲಿಷಿನವರು ಅನೆಕ್ಸೇಶನ್ ಅನ್ನುವುದು ಈ ಎರಡನೆಯದಕ್ಕೆ. ಮೊದಲನೆಯದಕ್ಕೆ ಅವರಲ್ಲಿ ಬೇರೆ ಪದವೇ ಇದೆ, ಆಕ್ಯುಪೇಶನ್. ನಮ್ಮ ಕಾಪಿಗಳಲ್ಲಿ ಎರಡಕ್ಕೂ "ವಶಪಡಿಸಿಕೊಂಡಿತು" ಅಂತ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ನಮ್ಮಲ್ಲೇ ಇದಕ್ಕೆ ಒಳ್ಳೇ ಜೋಡಿ ಉದಾಹರಣೆ ಇದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ತೆಗೆದುಕೊಂಡರು. ಕಮಿಷನರುಗಳು ಬಂದರು. ಮಾರ್ಕ್ ಕಬ್ಬನ್ ಒಬ್ಬರೇ 1834ರಿಂದ 1861ರವರೆಗೆ ಕೂತರು. ಐವತ್ತು ವರ್ಷ ಸಾಗುವಳಿ ಪೂರಾ ಅವರದ್ದೇ. ಆದರೆ 9ನೇ ಕಾಲಂನಲ್ಲಿ ಅರಸರ ಹೆಸರು ಅಳಿಯಲಿಲ್ಲ. ಹಾಗಾಗಿಯೇ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿಸಲು ಸಾಧ್ಯವಾಯಿತು. ಪಕ್ಕದ ಕೊಡಗಿನ ಕಥೆ ಬೇರೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು, ಅರಸ ಚಿಕ್ಕವೀರರಾಜೇಂದ್ರ ಗದ್ದುಗೆ ಬಿಟ್ಟ, ಕಾಶಿಗೆ ಹೋದ, ಕೊನೆಗೆ ಲಂಡನ್ನಿನಲ್ಲಿ ತೀರಿಕೊಂಡ. ಕೊಡಗು ಕಂಪನಿಯ ಖಾತೆಗೆ ಬಿತ್ತು. ಅದನ್ನು ಯಾರಿಗೂ ಮರಳಿಸಲಿಲ್ಲ. ಆದ್ದರಿಂದ "1831ರಲ್ಲಿ ಬ್ರಿಟಿಷರು ಮೈಸೂರನ್ನು ವಿಲೀನ ಮಾಡಿಕೊಂಡರು" ಅಂತ ಯಾರಾದರೂ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. "ಆಡಳಿತ ವಹಿಸಿಕೊಂಡರು" ಅನ್ನುವುದು ಸರಿ. ಕೊಡಗಿಗೆ "ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು."

ಕೊಡಗಿನ ವಿಷಯದಲ್ಲಿ ಇನ್ನೊಂದು ಮಾತು. ಆಗ ಕಂಪನಿಯ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ನೆಲ ಗೆದ್ದೆವು ಅನ್ನುವ ಜಂಬ ಇರಲಿಲ್ಲ. ಜನರೆಲ್ಲ ಒಮ್ಮನಸ್ಸಿನಿಂದ ಬ್ರಿಟಿಷರ ರಕ್ಷಣೆ ಬಯಸಿದ್ದಾರೆ, ಅದಕ್ಕೇ ಒಪ್ಪಿಕೊಂಡಿದ್ದೇವೆ ಅನ್ನುವ ಧಾಟಿ. ಮೂರು ವರ್ಷ ಕಳೆಯುವುದರೊಳಗೆ, 1837ರಲ್ಲಿ, ಅಮರ ಸುಳ್ಯದ ಜನ ದಂಗೆ ಎದ್ದರು. ನೆಲ ಸೇರಿಸಿಕೊಳ್ಳುವವರು ಯಾವತ್ತೂ ಮೆದು ಪದವನ್ನೇ ಹುಡುಕುತ್ತಾರೆ. ಹಿಟ್ಲರ್ 1938ರಲ್ಲಿ ಆಸ್ಟ್ರಿಯಾಕ್ಕೆ ಸೈನ್ಯ ನುಗ್ಗಿಸಿದ್ದಕ್ಕೆ ಜರ್ಮನ್ನರು ಬಳಸಿದ ಆನ್‌ಶ್ಲುಸ್ ಅನ್ನುವ ಪದಕ್ಕೂ ಕೂಡಿಕೆ ಅಂತಲೇ ಅರ್ಥ.

ವಿಲೀನ: ಹಾಲಿಗೆ ಬಿದ್ದ ಸಕ್ಕರೆ

ಕನ್ನಡ ಸುದ್ದಿಮನೆಗಳಲ್ಲಿ ಅತಿ ಜಾಸ್ತಿ ಸವೆದಿರುವ ಪದ ಇದು. ಒಳಗಿರುವುದು ಲೀನ, ಅಂದರೆ ಕರಗುವುದು. ಹಾಲಿಗೆ ಸಕ್ಕರೆ ಹಾಕಿ ಕದಡಿದ ಮೇಲೆ ಸಕ್ಕರೆ ಎಲ್ಲಿ ಅಂದರೆ ತೋರಿಸೋಕಾಗಲ್ಲ. ಬ್ಯಾಂಕುಗಳಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದವು. ಬೋರ್ಡು ಇಳಿಯಿತು, ಪಾಸ್‌ಬುಕ್ ಬದಲಾಯಿತು. ಕರಾವಳಿಯವರಿಗೆ ಹೊಟ್ಟೆ ಉರಿದಿದ್ದು ನಿಜ. ಆದರೆ ಪದ ಸುಳ್ಳು ಹೇಳಲಿಲ್ಲ.

ನೆಲದ ವಿಷಯದಲ್ಲಿ ವಿಲೀನ ಹಾಕಬೇಕಾದರೆ ನಾನು ಎರಡು ಸಂಗತಿ ನೋಡುತ್ತೇನೆ. ಕೊಡುವವರು ಕಾಗದಕ್ಕೆ ಸಹಿ ಹಾಕಿದರಾ? ಹಳೆಯ ಗುರುತು ಅಳಿಯಿತಾ? 1948ರಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಕರಗಿದವು. ಮರುವರ್ಷ ಸಂಡೂರು ಮದ್ರಾಸಿನಲ್ಲಿ ಕರಗಿತು. ಇವು ಅಚ್ಚುಕಟ್ಟಾದ ವಿಲೀನಗಳು.

ಮೈಸೂರಿನ ವಿಷಯದಲ್ಲಿ ಮಾತ್ರ ಎಡವುತ್ತೇವೆ. 1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಸಹಿ ಹಾಕಿದ್ದು ಸೇರ್ಪಡೆಯ ಪತ್ರಕ್ಕೆ. ಅದರಲ್ಲಿ ಬಿಟ್ಟುಕೊಟ್ಟಿದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರನ್ನು ಮಾತ್ರ. ಸಕ್ಕರೆ ಇನ್ನೂ ಕರಗಿರಲಿಲ್ಲ, ಲೋಟದ ತಳದಲ್ಲಿ ಕೂತಿತ್ತು. ಹಾಗಾಗಿಯೇ ಆಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಮೈಸೂರು ಚಲೋ ಅಂತ ಬೀದಿಗೆ ಇಳಿಯಬೇಕಾಯಿತು. ಸಂಸ್ಥಾನದ ಮಾತು ಬಂದಾಗ 1947ರ ಸಹಿಗೆ "ಸೇರ್ಪಡೆ" ಅಂತಲೂ ಆಮೇಲೆ ಪೂರ್ತಿ ಕರಗಿದ್ದಕ್ಕೆ "ವಿಲೀನ" ಅಂತಲೂ ಬೇರೆ ಮಾಡಿ ಬರೆದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಕಾಶ್ಮೀರದ ಬಗ್ಗೆ ಬರೆಯುವಾಗಂತೂ ಈ ವ್ಯತ್ಯಾಸ ಬೇಕೇ ಬೇಕು.

ಕ್ರಿಮಿಯಾಕ್ಕೆ ವಿಲೀನ ಯಾಕೆ ಬೇಡ? "ಕ್ರಿಮಿಯಾ ರಷ್ಯಾದಲ್ಲಿ ವಿಲೀನವಾಯಿತು" ಅನ್ನುವ ವಾಕ್ಯದಲ್ಲಿ ಮಾಡಿದವರು ಯಾರೂ ಇಲ್ಲ. ತಾನಾಗಿ ಕರಗಿದ ಹಾಗಿದೆ. 2014ರ ಫೆಬ್ರವರಿ ಕೊನೆಯಲ್ಲಿ ಗುರುತಿನ ಪಟ್ಟಿ ಇಲ್ಲದ ಸಮವಸ್ತ್ರ ತೊಟ್ಟ ಸೈನಿಕರು ಕ್ರಿಮಿಯಾದ ರಾಜಧಾನಿ ಸಿಮ್ಫೆರೊಪೋಲಿನ ಸಂಸತ್ ಕಟ್ಟಡ ಹಿಡಿದರು. ಮಾರ್ಚ್ 16ಕ್ಕೆ ಮತದಾನ, 18ಕ್ಕೆ ಮಾಸ್ಕೋದಲ್ಲಿ ಒಪ್ಪಂದ. ಬಂದೂಕು ಹಿಡಿದವರು ಬೀದಿಯಲ್ಲಿರುವಾಗ ಎರಡೇ ಎರಡು ದಿನದಲ್ಲಿ ಮುಗಿದ ಕೆಲಸ. ನೆಲ ಕಳೆದುಕೊಂಡ ಉಕ್ರೇನ್ ಸಹಿ ಹಾಕಲೇ ಇಲ್ಲ.

ಸ್ವಾಧೀನ, ವಶ, ಆಕ್ರಮಣ

ಇವನ್ನು ಬೇಗ ದಾಟೋಣ. ಸ್ವಾಧೀನ ಅಂದರೆ ತನ್ನ ಹಿಡಿತದಲ್ಲಿ ಇರುವುದು. ಪಾರ್ಶ್ವವಾಯು ಬಡಿದವರಿಗೆ "ಎಡಗೈ ಸ್ವಾಧೀನ ಇಲ್ಲ" ಅನ್ನುತ್ತೇವಲ್ಲ, ಅದೇ. ಆದರೆ ಹೆದ್ದಾರಿಗೆ, ಕೈಗಾರಿಕೆಗೆ ಜಮೀನು ಬಿಟ್ಟವರ ಕಿವಿಯಲ್ಲಿ ಸ್ವಾಧೀನ ಅಂದರೆ ಭೂಸ್ವಾಧೀನ. ನೋಟಿಸು ಬರುತ್ತದೆ, ತಕರಾರು ಸಲ್ಲಿಸಬಹುದು, ಕೊನೆಗೆ ಪರಿಹಾರದ ಚೆಕ್ಕಾದರೂ ಸಿಗುತ್ತದೆ. ಪರದೇಶದ ಸೈನ್ಯ ನೋಟಿಸು ಕೊಟ್ಟು ಬರುವುದಿಲ್ಲ. ಹಾಗಾಗಿ ದೇಶಗಳ ಸುದ್ದಿಗೆ ನಾನು ಇದನ್ನು ತೀರಾ ಕಡಿಮೆ ಬಳಸುತ್ತೇನೆ.

ವಶ ಪ್ರಾಮಾಣಿಕ ಪದ, ಆದರೆ ಚಿಕ್ಕದು. ಪೊಲೀಸರು ಗಾಂಜಾ ವಶಕ್ಕೆ ಪಡೆಯುತ್ತಾರೆ, ಸೈನ್ಯ ಸೇತುವೆ ವಶಪಡಿಸಿಕೊಳ್ಳುತ್ತದೆ. 12ನೇ ಕಾಲಂಗೆ ಸಾಕು. 9ಕ್ಕೆ ಸಾಲದು.

ಆಕ್ರಮಣದಲ್ಲಿ ಒಂದು ಬಲೆ ಇದೆ. ಆಕ್ರಮಣ ಅಂದರೆ ದಾಳಿ. ಆಕ್ರಮಿತ ಅಂದರೆ ದಾಳಿ ಮಾಡಿ ಅಲ್ಲೇ ಕೂತಿರುವುದು. ಪಾಕ್ ಆಕ್ರಮಿತ ಕಾಶ್ಮೀರ ಅನ್ನುವುದು ನಮಗೆಲ್ಲ ಬಾಯಿಪಾಠ. ಅದೇ ಲೆಕ್ಕದಲ್ಲಿ 1967ರ ಯುದ್ಧದ ನಂತರದ ವೆಸ್ಟ್ ಬ್ಯಾಂಕ್ "ಇಸ್ರೇಲ್ ಆಕ್ರಮಿತ". ಅದೇ ಯುದ್ಧದಲ್ಲಿ ಸಿರಿಯಾದಿಂದ ಕಿತ್ತುಕೊಂಡ ಗೋಲನ್ ಬೆಟ್ಟ ಪ್ರದೇಶಕ್ಕೆ ಇನ್ನೂ ಒಂದು ಮೆಟ್ಟಿಲು ಹತ್ತಬೇಕು. 1981ರಲ್ಲಿ ಇಸ್ರೇಲ್ ಅಲ್ಲಿಗೆ ತನ್ನ ಕಾನೂನನ್ನೇ ಹಬ್ಬಿಸಿತು, ಅಂದರೆ 9ನೇ ಕಾಲಂಗೆ ಹೆಸರು ಬರೆಯಿತು. ಅದು ಊರ್ಜಿತವಲ್ಲ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ತಿಂಗಳೇ ನಿರ್ಣಯ ಮಾಡಿತು. ತಹಶೀಲ್ದಾರರು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ತಿರಸ್ಕರಿಸಿದ ಹಾಗೆ. ಉಳುಮೆ ಮಾತ್ರ ನಿಲ್ಲಲಿಲ್ಲ.

ಉಲ್ಟಾ ಕೇಸೂ ಇದೆ. 2022ರ ಸೆಪ್ಟೆಂಬರ್ 30ರಂದು ರಷ್ಯಾ ಉಕ್ರೇನಿನ ಇನ್ನೂ ನಾಲ್ಕು ಪ್ರಾಂತ್ಯಗಳನ್ನು ತನ್ನವು ಅಂತ ಘೋಷಿಸಿತು: ಡೊನೆಟ್ಸ್ಕ್, ಲುಹಾನ್ಸ್ಕ್, ಝಪೊರಿಝಿಯಾ, ಖೆರ್ಸಾನ್. ಅವತ್ತು ಅಷ್ಟೂ ನೆಲ ಅದರ ಸೈನ್ಯದ ಕೈಯಲ್ಲಿರಲಿಲ್ಲ. ನವೆಂಬರಿನಲ್ಲಿ ಖೆರ್ಸಾನ್ ನಗರವನ್ನು ಉಕ್ರೇನ್ ವಾಪಸ್ ಪಡೆಯಿತು. ಸಾಗುವಳಿ ಇಲ್ಲದೆ ಖಾತೆ ಬರೆಸಿಕೊಂಡ ಹಾಗಾಯಿತು. ಇಂಥ ಕಡೆ "ವಶಪಡಿಸಿಕೊಂಡಿತು" ಅಂತ ಬರೆದರೆ ಅದು ತಪ್ಪು ಸುದ್ದಿ. "ತನ್ನ ಭಾಗವೆಂದು ಘೋಷಿಸಿಕೊಂಡಿತು" ಅಂತಲೇ ಬರೆಯಬೇಕು.

ಕಬಳಿಕೆ, ಒತ್ತುವರಿ

ಕಬಳ ಅಂದರೆ ತುತ್ತು. ಕಬಳಿಸುವುದು ಅಂದರೆ ಒಂದೇ ತುತ್ತಿಗೆ ನುಂಗುವುದು. ಪದದ ಒಳಗೇ ಬಾಯಿ ಇದೆ, ಹಲ್ಲಿದೆ. ಕರ್ನಾಟಕದಲ್ಲಿ 2011ರ ಕಾಯ್ದೆಯೊಂದರ ಹೆಸರೇ ಭೂಕಬಳಿಕೆ ನಿಷೇಧ ಕಾಯ್ದೆ. ಆದ್ದರಿಂದ ಕಬಳಿಕೆ ಅಂದ ಕೂಡಲೇ ಓದುಗರು ತೀರ್ಪು ಕೊಟ್ಟುಬಿಡುತ್ತಾರೆ. ಸಂಪಾದಕೀಯದಲ್ಲಿ ಧಾರಾಳವಾಗಿ ಬಳಸಿ. ಸುದ್ದಿಯಲ್ಲಿ ಬೇಕಾದರೆ ಯಾರ ಬಾಯಿಂದ ಬಂತು ಅಂತ ಹೇಳಿ: "ರಷ್ಯಾ ನಮ್ಮ ನೆಲ ಕಬಳಿಸಿದೆ ಎಂದು ಉಕ್ರೇನ್ ದೂರಿತು."

ನಾನೇ ಸುದ್ದಿಯಲ್ಲಿ ಧೈರ್ಯವಾಗಿ ಹಾಕುವ ಕೇಸು ಕುವೈತ್. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿತು. ಒಂದು ವಾರದೊಳಗೆ ಕುವೈತ್ ತನ್ನದು ಅಂತ ಘೋಷಿಸಿತು, ತಿಂಗಳ ಕೊನೆಗೆ ತನ್ನ 19ನೇ ಪ್ರಾಂತ್ಯ ಅಂತ ಹೆಸರಿಟ್ಟಿತು. ಇಡೀ ದೇಶವೇ ಒಂದು ತುತ್ತು. ಅಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಅವರ ಮುಂದೆ ಹೋಗಿ "ವಿಲೀನ" ಅಂತ ಹೇಳಿ ನೋಡಿ!

ಒತ್ತುವರಿ ನನ್ನ ಪ್ರೀತಿಯ ಪದ. ರಾಜಕಾಲುವೆ ಒತ್ತುವರಿ, ಕೆರೆ ಒತ್ತುವರಿ, ಗೋಮಾಳ ಒತ್ತುವರಿ. ಒಂದೊಂದೇ ಸಾಲು ಹೊಡೆದು ಬದು ಸರಿಸುವುದಕ್ಕೆ ಇಷ್ಟು ಕರಾರುವಾಕ್ಕಾದ ಪದ ಇನ್ನೊಂದಿಲ್ಲ. ಗಡಿ ಬೇಲಿಯನ್ನು ರಾತ್ರೋರಾತ್ರಿ ಸರಿಸುವ ಸುದ್ದಿ ಬಂದಾಗ ಇದನ್ನು ಯಾಕೆ ಬಳಸುವುದಿಲ್ಲವೋ! ಊರ ಮಾತು ಅಂತ ಸಂಕೋಚ ಇರಬೇಕು.

"ಕೊಳ್ಳು" ಅನ್ನುವ ಬಾಲ

ಈಗ ಅವತ್ತು ಆ ಹುಡುಗಿಗೆ ನಾನು ಕೊಟ್ಟ ಉತ್ತರಕ್ಕೆ ಬರೋಣ. ನಾಮಪದ ಹುಡುಕುವುದನ್ನು ಬಿಟ್ಟುಬಿಡು ಅಂದೆ. ಕನ್ನಡದ ಶಕ್ತಿ ಇರುವುದು ಕ್ರಿಯಾಪದದಲ್ಲಿ. ಮೂರು ವಾಕ್ಯ ನೋಡಿ.

ಕ್ರಿಮಿಯಾ ರಷ್ಯಾಕ್ಕೆ ಸೇರಿತು.
ಕ್ರಿಮಿಯಾವನ್ನು ರಷ್ಯಾಕ್ಕೆ ಸೇರಿಸಲಾಯಿತು.
ರಷ್ಯಾ ಕ್ರಿಮಿಯಾವನ್ನು ತನಗೆ ಸೇರಿಸಿಕೊಂಡಿತು.

ಮೊದಲನೆಯದರಲ್ಲಿ ಕ್ರಿಮಿಯಾ ತಾನೇ ನಡೆದು ಬಂದಿದೆ. ಎರಡನೆಯದರಲ್ಲಿ ಯಾರೋ ಸೇರಿಸಿದ್ದಾರೆ, ಯಾರು ಅಂತ ಕೇಳಬೇಡಿ. ಮೂರನೆಯದರಲ್ಲಿ ಮಾಡಿದವರು ಯಾರು, ಲಾಭ ಯಾರಿಗೆ ಎರಡೂ ಗೊತ್ತಾಗುತ್ತದೆ. "ಬಡಿಸಿದ" ಮತ್ತು "ಬಡಿಸಿಕೊಂಡ" ಇವೆರಡರ ನಡುವಿನ ವ್ಯತ್ಯಾಸ ಚಿಕ್ಕ ಮಗುವಿಗೂ ಗೊತ್ತು. ಬಡಿಸಿಕೊಂಡವನ ಎಲೆಗೇ ಅನ್ನ ಬಿದ್ದಿರುತ್ತದೆ. ಅನೆಕ್ಸ್ ಅನ್ನುವ ಪದದ ತಿರುಳು ಈ "ಕೊಳ್ಳು" ಅನ್ನುವ ಬಾಲದಲ್ಲೇ ಇದೆ. ಬಲವಂತ ಇದ್ದಲ್ಲಿ "ಬಲವಂತವಾಗಿ" ಅಂತ ಮುಂದೆ ಸೇರಿಸಿದರಾಯಿತು. ನಾಮಪದವೇ ಬೇಕು ಅಂತ ಹಟ ಹಿಡಿದರೆ "ಬಲವಂತದ ಸೇರ್ಪಡೆ". ಕಿವಿಗೆ ಅಷ್ಟು ಇಂಪಲ್ಲ, ಆದರೆ ಸುಳ್ಳಲ್ಲ.

ಹಳೆಯ ಕಾಲಕ್ಕೂ ಇದೇ ಒಪ್ಪುತ್ತದೆ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ 1848ರಲ್ಲಿ ಸತಾರಾ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಹೋದವು. ಹೆತ್ತ ಗಂಡು ಮಗ ಇಲ್ಲದಿದ್ದರೆ ಸಂಸ್ಥಾನ ಕಂಪನಿಗೆ. ಶಾಲೆಯಲ್ಲಿ "ದತ್ತು ಮಕ್ಕಳಿಗೆ ಹಕ್ಕಿಲ್ಲ" ಅಂತ ಉರು ಹೊಡೆದದ್ದು ಇದನ್ನೇ. ಡಾಲ್‌ಹೌಸಿಗಿಂತ ಎರಡು ದಶಕ ಮೊದಲೇ, 1824ರಲ್ಲಿ, ಕಿತ್ತೂರಿನ ಚೆನ್ನಮ್ಮ ಎದುರಿಸಿದ್ದೂ ಇದೇ ತಕರಾರು: ದತ್ತು ಮಗನನ್ನು ಒಪ್ಪುವುದಿಲ್ಲ ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯವರೆಗೂ ಬಂದು ಅಲ್ಲೇ ಸತ್ತ. ಇವನ್ನು ಪುಸ್ತಕಗಳಲ್ಲಿ ವಿಲೀನ ಅಂತ ಬರೆಯುವುದುಂಟು. ನನಗೆ ಒಪ್ಪಿಗೆಯಿಲ್ಲ. ಸಕ್ಕರೆ ತಾನಾಗಿ ಹಾಲಿಗೆ ಹಾರಲಿಲ್ಲ.

ಮನಸ್ಸಿಗೆ ಹತ್ತಿರದ ಪದಗಳು

ವಿಮೋಚನೆ, ಏಕೀಕರಣ. ಇವುಗಳನ್ನು ಬಳಸುವಾಗ ಕೈ ನಡುಗುವುದಿಲ್ಲ, ಯಾಕೆಂದರೆ ನಾವೇ ಒಳಗಿದ್ದೇವೆ. 1956ರ ನವೆಂಬರ್ 1ಕ್ಕೆ ಏಕೀಕರಣ ಅಲ್ಲದೆ ಇನ್ನೇನು ಅನ್ನೋಣ? ಮದ್ರಾಸಿನ ದಕ್ಷಿಣ ಕನ್ನಡ, ಮುಂಬಯಿಯ ಧಾರವಾಡ, ಹೈದರಾಬಾದಿನ ರಾಯಚೂರು, ತನ್ನ ಪಾಡಿಗಿದ್ದ ಕೊಡಗು, ಎಲ್ಲ ಒಂದೇ ಚಪ್ಪರದ ಕೆಳಗೆ. ಒಂದೇ ನುಡಿಯವರು ಕೂಡಿದರು ಅನ್ನುವ ಭಾವ ಆ ಪದದಲ್ಲಿದೆ. ಆದರೆ ಅದೇ ದಿನ ಕಾಸರಗೋಡು? ಅಲ್ಲಿನವರ ಬಾಯಲ್ಲಿ ಕೇಳಿ ನೋಡಿ: "ಕೇರಳಕ್ಕೆ ಹೋಯ್ತು." ಬಳ್ಳಾರಿ 1953ರಲ್ಲಿ "ಮೈಸೂರಿಗೆ ಬಂತು." ಜನ ಈ ಸಂಸ್ಕೃತ ಪದಗಳ ಗೋಜಿಗೆ ಹೋಗುವುದೇ ಇಲ್ಲ. ಹೋಯ್ತು, ಬಂತು. ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಅನ್ನುವುದು ಆ ಎರಡು ಅಕ್ಷರದಲ್ಲೇ ಗೊತ್ತಾಗುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಬೆಂಗಳೂರು ಪಾಲಿಕೆಗೆ ಸೇರಿದಾಗಲೂ ಅಷ್ಟೇ. ಸರ್ಕಾರಿ ಆದೇಶಕ್ಕೆ ಅದು ಸೇರ್ಪಡೆ. ಹಳ್ಳಿಯ ಹಿರಿಯರಿಗೆ "ನಮ್ಮೂರು ಕಾರ್ಪೊರೇಷನ್‌ಗೆ ಹೋಯ್ತು."

ಒಂದೇ ದಿನಕ್ಕೆ ಎಷ್ಟು ಪದ ಅಂಟಬಹುದು ಅಂತ ನೋಡಬೇಕಾದರೆ ಸೆಪ್ಟೆಂಬರ್ 17 ನೋಡಿ. 1948ರಲ್ಲಿ ಭಾರತದ ಸೈನ್ಯ ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿಸಿತು. ಅದಕ್ಕೆ ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಟ್ಯಾಂಕುಗಳು ಹೋದರೂ ಅದು ಪೊಲೀಸು. ನಮ್ಮ ಕಲಬುರಗಿ, ಬೀದರ್ ಕಡೆ ಆ ದಿನ ಬಹಳ ಕಾಲ ವಿಮೋಚನಾ ದಿನ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ತೆಲಂಗಾಣದಲ್ಲಿ ಕೇಂದ್ರ ಸರ್ಕಾರಕ್ಕೆ ಅದು ವಿಮೋಚನೆ, 2022ರ ರಾಜ್ಯ ಸರ್ಕಾರಕ್ಕೆ ರಾಷ್ಟ್ರೀಯ ಸಮೈಕ್ಯತೆ, 2024ರ ಸರ್ಕಾರಕ್ಕೆ ಪ್ರಜಾ ಪಾಲನೆ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಕಾಟ ತಿಂದ ಮನೆಯವರಿಗೆ ವಿಮೋಚನೆ ಅನ್ನುವ ಪದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸುದ್ದಿಯಲ್ಲಿ ನಾನು ನಡೆದದ್ದನ್ನೇ ಬರೆಯುತ್ತೇನೆ: ಸೈನ್ಯ ಹೋಯಿತು, ನಿಜಾಮ ಶರಣಾದ, ರಾಜ್ಯ ಭಾರತಕ್ಕೆ ಸೇರಿತು.

ಗೋವಾ ನಮಗೆ ವಿಮೋಚನೆ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗಲ್ ಅದನ್ನು ಆಕ್ರಮಣ ಅಂದಿತು, 1974ರ ಕೊನೆಗೆ ಒಪ್ಪಂದ ಮಾಡಿಕೊಂಡು ಗೋವಾ ಭಾರತದ್ದು ಅಂತ ಒಪ್ಪಿತು. ಅಂದರೆ ಖಾತೆಗೆ ಹಳೆಯ ಮಾಲೀಕರೇ ಕೊನೆಗೆ ಸಹಿ ಹಾಕಿದರು.

ನನ್ನನ್ನು ಹೆಚ್ಚು ಕಾಡುವುದು ಸಿಕ್ಕಿಂ. 1975ರ ಏಪ್ರಿಲ್ 14ರಂದು ಜನಮತ ನಡೆಯಿತು, ಶೇ 97ರಷ್ಟು ಮತ ಭಾರತಕ್ಕೆ ಸೇರುವ ಪರ, ಮೇ 16ಕ್ಕೆ 22ನೇ ರಾಜ್ಯ. ಇಷ್ಟೇ ಓದಿದರೆ "ಸೇರಿತು" ಸಾಕು. ಆದರೆ ಜನಮತಕ್ಕೆ ಐದು ದಿನ ಮೊದಲು ಭಾರತದ ಸೈನ್ಯ ಅಲ್ಲಿನ ರಾಜ ಚೋಗ್ಯಾಲರ ಅರಮನೆಯ ಕಾವಲುಗಾರರ ಆಯುಧ ಕಿತ್ತುಕೊಂಡಿತ್ತು. ಕ್ರಿಮಿಯಾಕ್ಕೆ ಒಂದು ಅಳತೆಗೋಲು, ನಮ್ಮ ಮನೆಗೆ ಇನ್ನೊಂದು ಇಟ್ಟರೆ ಓದುಗರು ಸುಮ್ನಿರ್ತಾರಾ? ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಸಿಕ್ಕಿಮಿನಲ್ಲಿ ಅರಮನೆಯ ವಿರುದ್ಧ ಜನರ ಚಳವಳಿ ಇತ್ತು, ಚುನಾಯಿತ ವಿಧಾನಸಭೆಯ ನಿರ್ಣಯ ಇತ್ತು. ಅದಕ್ಕೇ ನಾನು "ಸೇರಿತು" ಅಂತಲೇ ಬರೆಯುತ್ತೇನೆ, ಆದರೆ ಏಪ್ರಿಲ್ 9ರ ಸಂಗತಿಯನ್ನು ಅದೇ ಪ್ಯಾರಾದಲ್ಲಿ ಇಡುತ್ತೇನೆ. ಒಂದು ಪದದಲ್ಲಿ ಹಿಡಿಸದ್ದನ್ನು ಮುಂದಿನ ವಾಕ್ಯದಲ್ಲಿ ಹೇಳಬಹುದಲ್ಲ.

ತಲೆಬರಹ ಕೊಡುವವರಿಗೆ

ಅಲ್ಲಿ ಜಾಗ ಕಡಿಮೆ, ಗೊತ್ತು. "ಬಲವಂತವಾಗಿ ತನಗೆ ಸೇರಿಸಿಕೊಂಡಿತು" ಅಂತ ಎರಡು ಕಾಲಂನಲ್ಲಿ ಹಿಡಿಸುವುದಿಲ್ಲ. ಆಗ ನಮ್ಮವರ ಕೈ ತಾನಾಗಿ "ತೆಕ್ಕೆಗೆ" ಅನ್ನುವ ಕಡೆ ಹೋಗುತ್ತದೆ. ಕ್ರಿಮಿಯಾ ರಷ್ಯಾ ತೆಕ್ಕೆಗೆ. ತೆಕ್ಕೆ ಅಂದರೆ ಅಪ್ಪುಗೆ. ಕುಸ್ತಿಯವರ ತೆಕ್ಕೆಯೂ ಇದೆ, ಅಲ್ಲಿ ಬೆನ್ನುಮೂಳೆ ಮುರಿಯುತ್ತದೆ. ಎರಡೂ ಅರ್ಥ ಬರುವುದರಿಂದ ನನಗೆ ಅದರ ಬಗ್ಗೆ ದೊಡ್ಡ ತಕರಾರಿಲ್ಲ. "ಮಡಿಲಿಗೆ" ಮಾತ್ರ ಬೇಡ ಮಾರಾಯ್ರೇ. ಅದು ಕಪ್ಪು ಗೆದ್ದ ತಂಡಕ್ಕೆ, ಪ್ರಶಸ್ತಿ ಗೆದ್ದ ಕವಿಗೆ. "ಪಾಲು" ಪರವಾಗಿಲ್ಲ: ಕ್ರಿಮಿಯಾ ರಷ್ಯಾ ಪಾಲು. ಹುಲಿಯ ಪಾಲಾದ ಹಸು ಅಂತ ನೆನಪಾಗುತ್ತದೆ.

ಅವತ್ತು ಆ ಹುಡುಗಿ ಕೊನೆಗೆ ಒಳಗಿನ ಕಾಪಿಯಲ್ಲಿ "ಸೇರಿಸಿಕೊಂಡಿತು" ಹಾಕಿದಳು, ತಲೆಬರಹಕ್ಕೆ "ಪಾಲು". ರಾತ್ರಿ ಪಾಳಿಯವರು ಅದನ್ನು "ವಿಲೀನ" ಅಂತ ತಿದ್ದಿ ಅಚ್ಚಿಗೆ ಕಳಿಸಿದರು. ಮರುದಿನ ಬೆಳಿಗ್ಗೆ ಅವಳು ಪೇಪರ್ ಹಿಡಿದು ನನ್ನ ಟೇಬಲ್ಲಿಗೆ ಬಂದಳು. ನಾನು ಮೊದಲು ಕಾಫಿ ತರಿಸಿದೆ.